ಎಡಕ್ಕೆ ಹದಿನೈದು ಕಳೆಯುವುದು

ಮೆಟ್ಟಿಲು ಹತ್ತುವಾಗ ಅವಳ ಎಡಗೈ ತಾನಾಗಿಯೇ ಗೋಡೆಗೆ ಹೋಯಿತು. ಹನ್ನೊಂದು ವರ್ಷದಿಂದ ಹತ್ತುತ್ತಿರುವ ಆಸ್ಪತ್ರೆಯ ಮೆಟ್ಟಿಲು, ಒಟ್ಟು ಇಪ್ಪತ್ತೆರಡು, ತಲೆ ಎಲ್ಲೋ ಇದ್ದರೂ ಕಾಲಿಗೆ ಲೆಕ್ಕ ಗೊತ್ತು. ಇವತ್ತು ಹದಿನಾಲ್ಕನೆಯದು ಪಾದದ ಕೆಳಗಿಂದ ಒಂದು ಬೆರಳಿನಷ್ಟು ಪಕ್ಕಕ್ಕೆ ಜಾರಿತು, ಅಥವಾ ಜಾರಿದ ಹಾಗಾಯಿತು, ಮತ್ತೆ ತನ್ನ ಜಾಗಕ್ಕೆ ಬಂದು ಏನೂ ಆಗದವರ ಹಾಗೆ ಕೂತಿತು. ಗೋಡೆಯ ಸುಣ್ಣ ಅಂಗೈಗೆ ಮೆತ್ತಿಕೊಂಡಿತ್ತು. ಯಾರಾದರೂ ನೋಡಿದರೇ ಎಂದು ಮೊದಲು ಕೆಳಗೆ ನೋಡಿದಳು, ಆಮೇಲೆ ಮೇಲೆ. ಯಾರೂ ಇರಲಿಲ್ಲ. ಆದರೆ ನಿನ್ನೆ ಸಂಜೆ ಇದೇ ಗೋಡೆಯ ಮೇಲೆ, ಇದೇ ಎತ್ತರದಲ್ಲಿ, ಇನ್ನೊಂದು ಅಂಗೈ ಹೀಗೆಯೇ ಸವರಿಕೊಂಡು ಇಳಿದುಹೋಗಿದ್ದನ್ನು ಅವಳು ಮೇಲಿನ ಬಾಗಿಲಲ್ಲಿ ನಿಂತು ನೋಡಿದ್ದಳು. ಅವಳ ಹತ್ತಿರ ಕಿವಿ ಪರೀಕ್ಷೆಗೆ ಬಂದಿದ್ದ, ಕಾರ್ಖಾನೆಯಲ್ಲಿ ಕ್ರೇನು ನಡೆಸುವವನ ಅಂಗೈ. ದೊಡ್ಡದು, ಉಗುರಿನ ಸುತ್ತ ಗ್ರೀಸು. ಮೆಟ್ಟಿಲಿಳಿಯುವವರೆಗೂ ನಾಟಕ ಬಿಡಲಿಲ್ಲವಲ್ಲ ಎಂದು ಆಗ ಅಂದುಕೊಂಡಿದ್ದಳು. ಈಗ ಕರವಸ್ತ್ರ ತೆಗೆದು ಸುಣ್ಣವನ್ನು ಒಂದೊಂದೇ ಬೆರಳಿನಿಂದ ಒರೆಸಿದಳು, ಸಾಕ್ಷಿಯನ್ನು ಒರೆಸುವ ಹಾಗೆ.

ಬೆಳಿಗ್ಗೆ ಹಾಸಿಗೆಯಲ್ಲೇ ಶುರುವಾಗಿತ್ತು. ಅವಳು ಬಲಮಗ್ಗುಲಾಗಿ ಮಲಗಿದ್ದಳು, ಬಲಗಿವಿ ದಿಂಬಿನಲ್ಲಿ ಹೂತುಹೋಗಿತ್ತು. ಅಡುಗೆಮನೆಯಿಂದ ನಾದಿನಿಯ ಮಾತು ಬರುತ್ತಿತ್ತು. ಆರು ತಿಂಗಳಿಂದ ಅವರ ಜೊತೆಯಲ್ಲೇ ಇರುವ ಗಂಡನ ತಂಗಿ, ಧ್ವನಿ ಚಮಚ ಲೋಟಕ್ಕೆ ತಾಗಿದ ಹಾಗೆ. “ಹೂಂ… ಇಲ್ಲ, ಅವರಿಗೆ ಇನ್ನೂ ಗೊತ್ತಾಗಿಲ್ಲ ಅನ್ಸುತ್ತೆ… ನೀನೇ ಹೇಳಣ್ಣ, ನಾನು ಹೇಳಿದ್ರೆ ತಪ್ಪು ತಿಳ್ಕೋತಾರೆ… ಹೂಂ… ಅಷ್ಟೊಂದು ದಿನ ಮುಚ್ಚಿಡೋಕಾಗುತ್ತಾ?” ನಡುನಡುವೆ ಬರಬೇಕಾಗಿದ್ದ ಗಂಡನ ಮಾತು ಬರಲೇ ಇಲ್ಲ. ಒಂದು ಬದಿಯ ದಂಡೆ ಮಾತ್ರ ಇರುವ ಹೊಳೆಯಂತಿತ್ತು ಆ ಸಂಭಾಷಣೆ. ಅವನು ಪಿಸುಗುಟ್ಟುತ್ತಿದ್ದಾನೆ, ತಂಗಿಗೆ ಮಾತ್ರ ಬುದ್ಧಿಯಿಲ್ಲದೆ ದನಿ ಏರಿದೆ. ಮೂರು ವಾರದಿಂದ ಹೀಗೆ. ಮದುವೆಯಾದಂದಿನಿಂದ ಅವಳ ಎಡಕ್ಕೆ ನಡೆಯುತ್ತಿದ್ದ ಮನುಷ್ಯ ಈಗ ರಸ್ತೆಗಿಳಿದ ಕೂಡಲೆ ಹಿಂದಿನಿಂದ ಸುತ್ತಿ ಬಲಕ್ಕೆ ಬರುತ್ತಾನೆ. ಎಡಬದಿಯ ಅಂಗಡಿಗಳಲ್ಲಿ ಯಾರ ಕಣ್ಣಿಗೆ ಬೀಳಬಾರದೆಂದು? ಅವಳು ಎರಡು ಸಲ ಬೇಕೆಂದೇ ಜಾಗ ಬದಲಿಸಿ ನೋಡಿದ್ದಳು. ಎರಡೂ ಸಲ ಅವನು ನಗುತ್ತ ಮತ್ತೆ ಬಲಕ್ಕೆ ಬಂದಿದ್ದ. ನಗು! ಆ ನಗುವನ್ನು ಅವಳು ತುಂಬ ಹೊತ್ತು ಬಿಡಿಸಿ ನೋಡಿದ್ದಳು. ಇವತ್ತು ಎದ್ದು ಕೂತಾಗ ಕಿಟಕಿ ಒಮ್ಮೆ ಮೆಲ್ಲಗೆ ತಿರುಗಿ ನಿಂತಿತು. ಅಡುಗೆಮನೆಯ ಬಾಗಿಲಿಗೆ ಬಂದಾಗ ಅಣ್ಣ ತಂಗಿ ಇಬ್ಬರೂ ಮಾತು ನಿಲ್ಲಿಸಿದರು.

“ಏನು ಮಾತಾಡ್ತಿದ್ರಿ?” ಎಂದು ಕೇಳಿದಳು.

“ಏನಿಲ್ಲ ಅತ್ತಿಗೆ. ಅಣ್ಣ ನಿಮ್ಮನ್ನ ಮೂರು ಸಲ ಕರೆದ, ನೀವು ಓ ಅನ್ಲಿಲ್ಲ.”

“ನಿದ್ದೆ ಬಂದವರು ಓ ಅಂತಾರಾ?”

“ನಿದ್ದೆ ಬಂದವರು ಕಣ್ಣು ಬಿಟ್ಕೊಂಡಿರ್ತಾರಾ?” ಎಂದಳು ನಾದಿನಿ, ತಮಾಷೆಗೆ. ಗಂಡ ತಂಗಿಯನ್ನು ಕಣ್ಣಲ್ಲೇ ಗದರಿಸಿದ. ಅದೂ ಅವಳಿಗೆ ಕಂಡಿತು. ಅವಳಿಗೆ ಎಲ್ಲ ಕಾಣುತ್ತದೆ.

ಮೆಟ್ಟಿಲು ಮುಗಿಸಿ ಕಿವಿ ಪರೀಕ್ಷೆಯ ಕೋಣೆಯ ಬಾಗಿಲು ತೆರೆದಾಗ ಹೊಸಬಳು ಆಗಲೇ ಬಂದಿದ್ದಳು. ಬೇರೆ ಆಸ್ಪತ್ರೆಯಿಂದ ವರ್ಗವಾಗಿ ಬಂದು ಎರಡು ತಿಂಗಳಾದರೂ ಅವಳ ಹೆಸರು ಈ ಕೋಣೆಯಲ್ಲಿ ಹೊಸಬಳು ಎಂದೇ. ಮೂವತ್ತರ ಹೆಂಗಸು, ಕೆಲಸ ಮಾಡುತ್ತ ಮೂಗಿನಲ್ಲೇ ಏನೋ ಗುನುಗುವ ಚಾಳಿ. ರೋಗಿಗಳಿಗೆ ತೋರಿಸಲು ಮೇಜಿನ ಮೇಲಿಟ್ಟಿದ್ದ ಪ್ಲಾಸ್ಟರಿನ ದೊಡ್ಡ ಕಿವಿಯ ಧೂಳು ಒರೆಸುತ್ತಿದ್ದಳು. ಹೊರಗಿನ ಹಾಲೆ, ತಮಟೆ, ಮೂರು ಚಿಕ್ಕ ಎಲುಬು, ಎಲ್ಲಕ್ಕಿಂತ ಒಳಗೆ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಸುರುಳಿ, ಅದರ ಬೆನ್ನಿಗೆ ಮೂರು ಕಮಾನು. ಕಮಾನುಗಳಲ್ಲಿ ಒಂದು ಹಿಂದೊಮ್ಮೆ ಮುರಿದು ಗೋಂದು ಕಂಡಿತ್ತು. ಅದನ್ನು ಮುರಿದವರು ಯಾರೆಂದು ಕೊನೆಗೂ ಪತ್ತೆಯಾಗಲಿಲ್ಲ, ಅವಳಿಗೆ ಮಾತ್ರ ಒಬ್ಬರ ಮೇಲೆ ಅನುಮಾನ ಇನ್ನೂ ಇದೆ. ಈ ಕಿವಿಯನ್ನು ಕಳಚಿ ಜೋಡಿಸುತ್ತ ಅವಳು ಎಷ್ಟು ಸಾವಿರ ಸಲ ಅದೇ ಮಾತು ಹೇಳಿರಬಹುದು. ದೇಹದ ಎಲ್ಲಕ್ಕಿಂತ ಗಟ್ಟಿಯಾದ ಎಲುಬಿನೊಳಗೆ ಒಂದು ಪೊಳ್ಳು ಇದೆ, ನೋಡಿ. ಆ ಪೊಳ್ಳಿನಲ್ಲಿ ಒಂದು ದ್ರವ, ಉಪ್ಪುಪ್ಪು, ಮಿದುಳಿನ ಸುತ್ತ ಇರುವಂಥದೇ. ಅದರಲ್ಲಿ ತೇಲುವ ತೆಳು ಪೊರೆಯ ಚೀಲ. ಚೀಲದೊಳಗೆ ಇನ್ನೊಂದು ದ್ರವ, ಅದರ ಉಪ್ಪೇ ಬೇರೆ, ಪೊಟ್ಯಾಷಿಯಂ ತುಂಬಿದ್ದು. ಎಲ್ಲ ಸೇರಿದರೂ ಕೆಲವೇ ಹನಿ. ಹೊರಗಿನದು ಹೊರಗೆ, ಒಳಗಿನದು ಒಳಗೆ ಇರುವವರೆಗೆ ನಾವು ಕೇಳುತ್ತೇವೆ, ನೆಟ್ಟಗೆ ನಿಲ್ಲುತ್ತೇವೆ. ಒಳಗಿನದು ಹೆಚ್ಚಾದರೆ ಚೀಲ ಉಬ್ಬುತ್ತದೆ, ಕಿವಿ ತುಂಬಿದ ಹಾಗಾಗುತ್ತದೆ, ದಪ್ಪ ದನಿಗಳು ಮೊದಲು ಮುಳುಗುತ್ತವೆ. ಪೊರೆ ಎಲ್ಲಾದರೂ ಬಿರಿದು ಎರಡು ದ್ರವವೂ ಬೆರೆತರೆ ಭೂಮಿ ಬುಗುರಿಯಾಗುತ್ತದೆ. ಆಮೇಲೆ ಬಿರುಕು ಮುಚ್ಚಿಕೊಂಡು ಮರುದಿನ ಏನೂ ಆಗದ ಹಾಗೆ ಇರುವುದೂ ಉಂಟು. ಈ ಕೊನೆಯ ಮಾತನ್ನು ಅವಳು ಯಾವಾಗಲೂ ದನಿ ತಗ್ಗಿಸಿ ಹೇಳುತ್ತಿದ್ದಳು, ಯಾಕೆಂದರೆ ಅಂಥ ರೋಗಿಗಳನ್ನು ಯಾರೂ ನಂಬುವುದಿಲ್ಲ.

“ಮೇಡಂ, ಇವತ್ತಿನ ರಿಜಿಸ್ಟರ್ ತೆಗೆದಿಟ್ಟಿದೀನಿ,” ಎಂದಳು ಹೊಸಬಳು.

“ನಾನು ಕೇಳಿದೆನಾ?”

“ಇಲ್ಲ ಮೇಡಂ. ದಿನಾ ಬೇಕಲ್ಲ ಅಂತ.”

ದಿನಾ ಬೇಕು. ಹನ್ನೆರಡಕ್ಕೆ ಮೊದಲ ರೋಗಿ ಬರುವ ಮೊದಲು ಅವಳು ಹೆಡ್‌ಫೋನು ತಾನೇ ಹಾಕಿಕೊಂಡು, ಕೆಂಪು ಬಲಕ್ಕೆ, ನೀಲಿ ಎಡಕ್ಕೆ, ಪ್ರತಿಯೊಂದು ಸ್ವರವನ್ನೂ ಕೇಳಿಸಿತೋ ಇಲ್ಲವೋ ಎನ್ನುವ ಅಂಚಿನವರೆಗೆ ಇಳಿಸಿ, ಆ ಅಂಚಿನ ಡೆಸಿಬೆಲ್ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಅಂಕಿ ಹೆಚ್ಚಿದಷ್ಟೂ ಕಿವಿ ಮಂದ. ಅವಳ ಕಿವಿ ಬದಲಾಗುವುದಿಲ್ಲ, ಆದ್ದರಿಂದ ಅಂಕಿ ಬದಲಾದರೆ ಯಂತ್ರ ಕೆಟ್ಟಿದೆ ಎಂದರ್ಥ. ರಿಜಿಸ್ಟರಿನ ಮೊದಲ ಪುಟದಲ್ಲೇ ಅಚ್ಚಾಗಿದೆ: ಪರೀಕ್ಷಿಸುವವರ ಎರಡೂ ಕಿವಿಗಳು ದೋಷರಹಿತವಾಗಿರತಕ್ಕದ್ದು. ಹನ್ನೊಂದು ವರ್ಷ, ಎಡ ಐದು, ಬಲ ಐದು, ಪುಟದ ಮೇಲೆ ಪುಟ, ಇರುವೆ ಸಾಲಿನ ಹಾಗೆ ಐದು. ಡಾಕ್ಟರು ಅವಳನ್ನು ಅಳತೆಗೋಲು ಎಂದು ಕರೆಯುತ್ತಿದ್ದರು. “ಅಳತೆಗೋಲಮ್ಮ ಏನಂತಾರೆ?” ಎಂದು ಎಲ್ಲರ ಮುಂದೆ ಕೇಳುವಾಗ ಅವಳು ಮುಖ ಗಂಟಿಕ್ಕಿಕೊಂಡು ಒಳಗೊಳಗೇ ಹಿಗ್ಗುತ್ತಿದ್ದಳು. ಮೂರು ವಾರದ ಹಿಂದೆ ಎಡದ ದಪ್ಪ ಸ್ವರಗಳು ಇಪ್ಪತ್ತಕ್ಕೆ ಬಂದವು. ಅವಳು ಪೆನ್ನನ್ನು ಕಾಗದದ ಮೇಲಿಟ್ಟು ಬಹಳ ಹೊತ್ತು ಕೂತಿದ್ದಳು. ಆಮೇಲೆ ಬರೆದಳು: ನೀಲಿ ಇಯರ್‌ಫೋನ್ ದುರ್ಬಲ. ರಿಪೇರಿಯವರಿಗೆ ಪತ್ರ ಹೋಯಿತು, ಅವರು ಬರುವುದು ಮುಂದಿನ ವಾರ. ಅಲ್ಲಿಯವರೆಗೆ ಕೆಲಸ ನಿಲ್ಲಿಸಲಾಗದು. ಯಂತ್ರ ನಲವತ್ತು ಅಂದರೆ ನೀಲಿಯಿಂದ ಹೊರಡುವುದು ಇಪ್ಪತ್ತೈದೇ. ಅವಳು ಚಿಕ್ಕ ಚೀಟಿಯಲ್ಲಿ ಗುಂಡಗೆ ಬರೆದು ಯಂತ್ರದ ಹಣೆಗೆ ಅಂಟಿಸಿದಳು: ದಪ್ಪ ಸ್ವರ, ಎಡಕ್ಕೆ ಹದಿನೈದು ಕಳೆಯುವುದು.

ಆ ಇಯರ್‌ಫೋನನ್ನು ಹೊಸಬಳು ಬೀಳಿಸಿದ್ದಾಳೆ ಎಂದು ಅವಳಿಗೆ ಖಚಿತವಾಗಿತ್ತು. ಬೀಳಿಸಿ ಬಾಯಿ ಮುಚ್ಚಿಕೊಂಡಿದ್ದಾಳೆ. ಬೀಳಿಸದವಳು ಯಾಕೆ ದಿನಾ ಬೇಗ ಬರಬೇಕು, ಯಾಕೆ ಕೇಳುವ ಮೊದಲೇ ರಿಜಿಸ್ಟರ್ ತೆಗೆದಿಡಬೇಕು? ಅವಳು ಹೆಡ್‌ಫೋನು ಹಾಕಿಕೊಂಡಳು. ಬಲ ಐದು. ಎಡಕ್ಕೆ ಬಂದಳು. ಹತ್ತು, ಇಪ್ಪತ್ತು, ಇಪ್ಪತ್ತೈದು. ಏನೂ ಇಲ್ಲ, ಕಿವಿಯದೇ ಆದ ಒಂದು ಗುಂಯ್‌ಗುಡುವಿಕೆ ಬಿಟ್ಟರೆ, ದೂರದಲ್ಲಿ ಯಾರೋ ನೀರು ಕಾಯಿಸುವ ಹಾಗೆ. ಮೂವತ್ತಕ್ಕೆ ಸ್ವರ ಸಿಕ್ಕಿತು. ಇನ್ನೂ ಹಾಳಾಗಿದೆ ದರಿದ್ರ ಯಂತ್ರ. ಮೂವತ್ತು ಎಂದು ಬರೆಯಲು ಬಗ್ಗಿದಾಗ ಹೊಸಬಳ ನೆರಳು ಪುಟದ ಮೇಲೆ ಬಿತ್ತು.

“ಮೇಡಂ, ಬೈಯಲ್ಲ ಅಂದ್ರೆ ಒಂದು ಹೇಳ್ಲಾ?”

“ಬೈಯೋ ಹಾಗಿದ್ರೆ ಬೈಸ್ಕೊಂಡೇ ಹೇಳಿ.”

“ನಿನ್ನೆ ನೀವು ಹೋದ ಮೇಲೆ ನಾನೂ ಹಾಕ್ಕೊಂಡು ನೋಡ್ದೆ. ನನಗೆ ಎರಡೂ ಒಂದೇ ಥರ ಕೇಳ್ತು. ಎಡಾನೂ ಐದೇ ಬಂತು.”

ಅವಳು ಪೆನ್ನಿನ ಕ್ಯಾಪು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. “ನಾನಿಲ್ಲದಾಗ ಯಂತ್ರ ಮುಟ್ಟೋಕೆ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಆ ಕ್ರೇನಿನವರು ಹೋಗೋವಾಗ ತಿರುಗಿ ನೋಡಿದ್ರಲ್ಲ ಮೇಡಂ. ಒಂಥರಾ ಆಯ್ತು.”

“ಒಂಥರಾ ಆಯ್ತು ಅಂತ ಗ್ರಾಫ್ ಬರೆಯೋಕಾಗಲ್ಲ. ಹೊರಗೆ ಯಾರಾದ್ರೂ ಬಂದಿದಾರಾ ನೋಡಿ ಹೋಗಿ.”

ಹೊಸಬಳು ಹೋದಳು. ಬಾಗಿಲು ಹಾಕುವಾಗ ಸದ್ದಾಗದಂತೆ ಹಿಡಿಕೆ ತಿರುಗಿಸಿದ್ದು ಬಾಗಿಲು ಬಡಿದದ್ದಕ್ಕಿಂತ ಹೆಚ್ಚು ಚುಚ್ಚಿತು. ನಿನ್ನೆ ಕ್ರೇನಿನವನೂ ಹೀಗೆಯೇ, ಸ್ವರ ಕೇಳಿಸಿದಾಗ ಒತ್ತುವ ಗುಂಡಿಯನ್ನು ಮೇಜಿನ ಮೇಲೆ ಮೊಟ್ಟೆ ಇಟ್ಟ ಹಾಗೆ ಇಟ್ಟು ಎದ್ದಿದ್ದ. ಪರೀಕ್ಷೆಗೆ ಮೊದಲು ಹೇಳಿದ್ದ: “ಎಡಗಿವಿಯೊಳಗೆ ನೀರು ತುಂಬಿದ ಕೊಡ ಇಟ್ಟ ಹಾಗಿದೆ ಮೇಡಂ. ಒಂದಿನ ಇರುತ್ತೆ, ಒಂದಿನ ಇರಲ್ಲ. ಮೇಸ್ತ್ರಿ ಕೂಗೋದು ಕೇಳ್ಸಲ್ಲ, ಅವನ ಶಿಳ್ಳೆ ಮಾತ್ರ ಕೇಳ್ಸುತ್ತೆ. ಮೇಲೆ ಕ್ರೇನಿನ ಪಂಜರದಲ್ಲಿ ಕೂತಿದ್ದಾಗ ಒಂದು ಸಲ ನೆಲ ತಿರುಗಿಬಿಡ್ತು. ಕೆಳಗೆ ಕೊಕ್ಕೆಯಲ್ಲಿ ಎರಡು ಟನ್ನು ಕಬ್ಬಿಣ, ಅದರ ಕೆಳಗೆ ನಾಲ್ಕು ಜನ. ಕಣ್ಣು ಮುಚ್ಚಿ ಸುಮ್ನೆ ಹಿಡ್ಕೊಂಡು ಕೂತೆ, ನಿಂತಿತು. ಇನ್ನೊಂದು ಸಲ ನಿಲ್ಲುತ್ತೋ ಇಲ್ವೋ.” ಆ ಮಾತು ಕೇಳುತ್ತ ಅವಳಿಗೆ ಸಿಟ್ಟು ಬಂದಿತ್ತು, ಯಾಕೆ ಎಂದು ಆಗ ತಿಳಿಯಲಿಲ್ಲ. ಕೊಡ, ನೀರು, ಒಂದು ದಿನ ಇರುವುದು, ಒಂದು ದಿನ ಇಲ್ಲದಿರುವುದು. ತನ್ನ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿದ್ದನ್ನು ಯಾರೋ ಬೀದಿಯಲ್ಲಿ ಹರಡಿದ ಹಾಗೆ. “ಇದನ್ನೆಲ್ಲ ಯಾರು ಹೇಳ್ಕೊಟ್ರು ನಿಮಗೆ?” ಎಂದು ಕೇಳಿದ್ದಳು. ಅವನು ಅವಳ ಮುಖ ನೋಡಿದ. “ಹೇಳ್ಕೊಡೋಕೆ ಇದೇನು ಪದ್ಯವಾ ಮೇಡಂ?” ಎಂದ, ಜೋರಾಗಿ ಅಲ್ಲ. ಎಡದ ದಪ್ಪ ಸ್ವರಗಳಿಗೆ ಯಂತ್ರ ನಲವತ್ತು ತೋರಿಸಿತು. ಅವಳು ಚೀಟಿ ನೋಡಿದಳು, ಇಪ್ಪತ್ತೈದು ಎಂದು ಗುರುತು ಹಾಕಿದಳು. ಇಪ್ಪತ್ತೈದರವರೆಗೆ ಸರಿಯಾದ ಕಿವಿ. ಗೆರೆ ಎಳೆದಾಗ ಅದು ಎಷ್ಟು ನೇರವಾಗಿ, ಎಷ್ಟು ಆರೋಗ್ಯವಾಗಿ ಇತ್ತೆಂದರೆ ಅವಳಿಗೆ ಗೆದ್ದ ಹಾಗಾಯಿತು. ನೆಲದ ಮೇಲಿನ ಹಗುರ ಕೆಲಸ ಬೇಕಾಗಿದೆ, ಅದಕ್ಕೆ ಈ ವೇಷ. ಡಾಕ್ಟರು ಗ್ರಾಫು ನೋಡಿ ಕೆಳಗೆ ಸಹಿ ಮಾಡಿದರು: ಎತ್ತರದ ಕೆಲಸಕ್ಕೆ ಯೋಗ್ಯ. ಇವತ್ತು ಎರಡು ಗಂಟೆಯ ಪಾಳಿಗೆ ಅವನು ಮತ್ತೆ ಪಂಜರ ಹತ್ತುತ್ತಾನೆ.

ಇಯರ್‌ಫೋನು ಕೆಟ್ಟಿದೆಯೋ ಕಿವಿ ಕೆಟ್ಟಿದೆಯೋ ತಿಳಿಯಲು ಒಂದು ನಿಮಿಷ ಸಾಕು. ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಳ್ಳುವುದು, ಅಷ್ಟೆ. ನೀಲಿಯನ್ನು ಬಲಕ್ಕೆ, ಕೆಂಪನ್ನು ಎಡಕ್ಕೆ. ನೀಲಿ ಬಲಗಿವಿಯಲ್ಲೂ ದುರ್ಬಲವಾಗಿದ್ದರೆ ತಪ್ಪು ಯಂತ್ರದ್ದು. ಇದನ್ನು ಅವಳು ಎಷ್ಟೋ ಕಲಿಯುವವರಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದಳು. ಮೂರು ವಾರದಲ್ಲಿ ತಾನು ಒಮ್ಮೆಯೂ ತಿರುಗಿಸಿ ನೋಡಿಲ್ಲ ಎನ್ನುವುದು ಅವಳಿಗೆ ಈಗ ಹೊಳೆದದ್ದಲ್ಲ. ಮೊದಲ ದಿನದಿಂದಲೇ ಗೊತ್ತಿತ್ತು, ನೆಂಟರ ಮನೆಯಲ್ಲಿ ಒಂದು ಕೋಣೆಯ ಬಾಗಿಲು ಮುಚ್ಚಿದೆ ಎಂದು ಗೊತ್ತಿರುವ ಹಾಗೆ, ಆ ಕಡೆ ಹೋಗದೆ ಓಡಾಡುವ ಹಾಗೆ. ಫೋನನ್ನು ಕೂಡ ಬಲಕ್ಕೇ ಹಿಡಿಯುತ್ತಿದ್ದಳು. ಎಡಗೈಯಲ್ಲಿ ಎತ್ತಿ, ಬಲಗೈಗೆ ದಾಟಿಸಿ. ಅದನ್ನೂ ಅವಳು ನೋಡಿದ್ದಳು. ಎಲ್ಲರನ್ನೂ ನೋಡುವವಳು ತನ್ನ ಕೈಯನ್ನು ನೋಡದೆ ಇರುತ್ತಾಳೆಯೇ?

ಅಂಗೈಯ ಗೆರೆಗಳಲ್ಲಿ ಸುಣ್ಣ ಇನ್ನೂ ಸ್ವಲ್ಪ ಉಳಿದಿತ್ತು. ಅವಳು ಬಾಗಿಲಿನ ಅಗುಳಿ ಹಾಕಿ, ಹೆಡ್‌ಫೋನು ತಿರುಗಿಸಿ ಹಾಕಿಕೊಂಡಳು. ನೀಲಿ ಬಲಕ್ಕೆ. ಐದಕ್ಕೆ ಸ್ವರ ಬಂತು, ಹಳೆಯ ಗೆಳತಿಯ ಹಾಗೆ, ದುಂಡಗೆ, ಸ್ಪಷ್ಟವಾಗಿ. ಕೆಂಪು ಎಡಕ್ಕೆ. ಐದು, ಹತ್ತು, ಹದಿನೈದು, ಇಪ್ಪತ್ತು. ಗುಂಯ್. ಇಪ್ಪತ್ತೈದು. ಗುಂಯ್. ಮೂವತ್ತು. ಅವಳು ಮತ್ತೆ ಕೆಳಗಿಳಿಸಿ ಮತ್ತೆ ಏರಿಸಿದಳು, ಮೂರು ಸಲ, ಯಂತ್ರಕ್ಕೆ ಮನಸ್ಸು ಬದಲಾಯಿಸಲು ಸಮಯ ಕೊಡುವ ಹಾಗೆ. ಮೂವತ್ತು. ಹಾಗಿದ್ದರೆ ಗಂಡ ಪಿಸುಗುಟ್ಟಿರಲಿಲ್ಲ. ಅವನದು ದಪ್ಪ ದನಿ, ದಿಂಬಿನಲ್ಲಿ ಹೂತ ಬಲಗಿವಿ, ಮೇಲೆ ಉಳಿದದ್ದು ಇದೊಂದೇ. ಅವನು ಎಲ್ಲರ ಹಾಗೆ ಮಾತಾಡಿದ್ದ. ಅವರಿಗೆ ಇನ್ನೂ ಗೊತ್ತಾಗಿಲ್ಲ ಅನ್ಸುತ್ತೆ, ಎಂದಿದ್ದಳು ನಾದಿನಿ. ಏನು ಗೊತ್ತಾಗಿಲ್ಲ ಎನ್ನುವುದು ಈಗ ಗೊತ್ತಾಗಿ, ಅವಳಿಗೆ ಅವರಿಬ್ಬರ ಮೇಲೆ ಅಕ್ಕರೆಯಲ್ಲ, ಇನ್ನೊಂದು ಬಗೆಯ ಸಿಟ್ಟು ಬಂತು. ತನಗಿಂತ ಮೊದಲು ತಿಳಿದವರ ಮೇಲೆ ಬರುವ ಸಿಟ್ಟು. ಬಲಕ್ಕೆ ಬಂದು ನಗುತ್ತಿದ್ದವನ ಮೇಲೆ.

ಚೀಟಿಯನ್ನು ಕಿತ್ತುಬಿಡಬಹುದು. ಇಯರ್‌ಫೋನು ಸರಿಹೋಯಿತು ಎಂದು ಬರೆಯಬಹುದು. ಎಡ ಐದು ಎಂದು ಬರೆಯುತ್ತ ಹೋಗಬಹುದು, ಇನ್ನೊಂದು ವರ್ಷ, ಎರಡು ವರ್ಷ; ಒಬ್ಬಳೇ ಬರೆಯುವ ಅಂಕಿಯನ್ನು ಯಾರು ಕೇಳುತ್ತಾರೆ? ನಾಳೆಯಿಂದ ಯಾರ ಕಿವಿಗೂ ತಪ್ಪಾಗುವುದಿಲ್ಲ. ನಾಳೆಯಿಂದ. ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು. ಅವನು ಈಗ ಊಟದ ಡಬ್ಬಿ ಕಟ್ಟಿಸಿಕೊಳ್ಳುತ್ತಿರಬಹುದು. ಕಿವಿ ಸರಿಯಿದೆಯಂತೆ ಎಂದು ಹೆಂಡತಿಗೆ ಹೇಳಿರಬಹುದು, ಅವಳೂ ಅವನನ್ನು ಅನುಮಾನದಿಂದ ನೋಡಿರಬಹುದು. ಸರಿಯಿದ್ದರೆ ಯಾಕೆ ರಾತ್ರಿಯಿಡೀ ಮಂಚದ ಅಂಚು ಹಿಡಿದುಕೊಂಡಿದ್ದೆ?

ಅವಳು ಫೋನೆತ್ತಿ ಬಲಗಿವಿಗೆ ಹಿಡಿದಳು. ಡಾಕ್ಟರು ಆಪರೇಷನ್ನುಗಳ ನಡುವೆ ಚಹಾ ಕುಡಿಯುತ್ತಿದ್ದರು. ನಿನ್ನೆಯ ಕ್ರೇನಿನವರ ಗ್ರಾಫು ತಪ್ಪಾಗಿದೆ, ಹದಿನೈದು ಕಳೆಯಬಾರದಿತ್ತು, ಅವರನ್ನು ಹತ್ತಿಸಬಾರದು ಎಂದಳು.

“ಕಳೆಯೋಕೆ ಹೇಳಿದ್ದು ನೀವೇ ಅಲ್ವೇನ್ರಮ್ಮಾ? ಇಯರ್‌ಫೋನ್ ಕೆಟ್ಟಿದೆ ಅಂದ್ರಿ.”

“ಇಯರ್‌ಫೋನ್ ಕೆಟ್ಟಿಲ್ಲ ಸರ್.”

“ಮತ್ತೆ?”

ಆ ಕಡೆ ಚಹಾದ ಕಪ್ಪು ತಟ್ಟೆಗೆ ತಾಗಿದ ಸದ್ದು.

“ಅಳತೆಗೋಲಮ್ಮಾ, ತಮಾಷೆ ಮಾಡ್ತಿಲ್ಲ ತಾನೆ? ಸಹಿ ಮಾಡಿದ ಕಾಗದ ಫೋನಲ್ಲಿ ವಾಪಸ್ ತಗೊಳ್ಳೋಕಾಗಲ್ಲ. ಕಾರ್ಖಾನೆಯವರು ಕಾರಣ ಕೇಳ್ತಾರೆ, ಕಾಗದ ಕೇಳ್ತಾರೆ. ನಿಮ್ಮ ಕಿವೀದೇ ಒಂದು ಗ್ರಾಫ್ ತೆಗೆಸಿ, ಒಂದು ಗಂಟೆ ಒಳಗೆ ನನ್ನ ಮೇಜಿನ ಮೇಲೆ ಇಡಿ. ಎಡ ಬಿದ್ದಿದೆ ಅಂತ ಅದರಲ್ಲಿ ಕಂಡ್ರೆ ಆ ಮನುಷ್ಯನ್ನ ನಿಲ್ಲಿಸ್ತೀನಿ. ನೀವೇ ತೆಗೆದು ನೀವೇ ಬರೆದದ್ದು ಬೇಡ. ಆ ಹೊಸಬಳ ಕೈಲಿ ಮಾಡಿಸಿ.” ಆಮೇಲೆ ಹೇಳಿದರು, “ಕಂಡ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತಲ್ಲ. ರಿಜಿಸ್ಟರ್‌ನ ಮೊದಲ ಪುಟ.”

“ಗೊತ್ತು ಸರ್.”

ಅವಳು ಅಗುಳಿ ತೆಗೆದು ವಿಷಯ ಹೇಳಿದಾಗ ಹೊಸಬಳು ನೇರ ಕೆಲಸಕ್ಕೆ ಇಳಿದಳು. ಹೆಡ್‌ಫೋನಿನ ಮೆತ್ತೆಯನ್ನು ಹತ್ತಿಯಿಂದ ಒರೆಸಿದಳು, ಎಲ್ಲ ರೋಗಿಗಳಿಗೆ ಒರೆಸುವ ಹಾಗೆ. ಕೂದಲು ಸರಿಸಿ, ಕೆಂಪು ಬಲಕ್ಕೆ, ನೀಲಿ ಎಡಕ್ಕೆ ಕೂರಿಸಿ, ಗುಂಡಿಯನ್ನು ಕೈಗೆ ಕೊಟ್ಟಳು. ಸದ್ದು ಹೊಗದ ಕೋಣೆಯ ಎರಡು ದಪ್ಪ ಬಾಗಿಲು ಒಂದಾದ ಮೇಲೊಂದು ಮುಚ್ಚಿಕೊಂಡವು. ಈ ಕುರ್ಚಿಯಲ್ಲಿ ಅವಳು ಎಂದೂ ಕೂತಿರಲಿಲ್ಲ. ಕೈಯಿಡುವ ಜಾಗದಲ್ಲಿ ಹೊದಿಕೆ ಹರಿದು ಸ್ಪಂಜು ಹೊರಗೆ ಬಂದಿತ್ತು. ಎಷ್ಟು ಜನ ಹೆದರಿದವರ ಉಗುರುಗಳು ಇಲ್ಲಿ ಕೆದಕಿರಬೇಕು. ಎದುರಿಗೆ ಗಾಜು, ಗಾಜಿನಾಚೆ ಯಂತ್ರ, ಅದರ ಹಣೆಯ ಚೀಟಿ, ಹೊಸಬಳ ಮುಖ. ಮೈಕಿನಲ್ಲಿ ಅವಳ ದನಿ ಬಲಗಿವಿಗೆ ಬಂತು.

“ಕೇಳ್ಸಿದಾಗ ಮಾತ್ರ ಒತ್ತಿ ಮೇಡಂ. ಎಷ್ಟೇ ಸಣ್ಣಗೆ ಕೇಳ್ಸಿದ್ರೂ ಒತ್ತಿ, ಕೇಳ್ಸಲಿಲ್ಲ ಅಂದ್ರೆ ಸುಮ್ನೆ ಇರಿ. ಇದರಲ್ಲಿ ಪಾಸು ಫೇಲು ಇಲ್ಲ.” ಆಮೇಲೆ ನಾಚಿಕೊಂಡು, “ಎಲ್ಲರಿಗೂ ಹೇಳ್ಬೇಕಲ್ಲ, ಅದಕ್ಕೆ.”

ಹಾಗೆ ಹೇಳಲು ಕಲಿಸಿದವಳು ಅವಳೇ. ಬಲಗಿವಿ ಬೇಗ ಮುಗಿಯಿತು. ಐದು, ಐದು, ಐದು. ಗಾಜಿನಾಚೆ ಹೊಸಬಳು ಎಡದ ಸ್ವಿಚ್ಚಿಗೆ ಬಂದಳು. ದಪ್ಪ ಸ್ವರ. ಹೊಸಬಳ ಬಲಭುಜ ಚೂರೇ ಚೂರು ಮೇಲೆದ್ದಿತು, ಇಳಿಯಿತು. ಕಿವಿಯಲ್ಲಿ ಏನೂ ಇಲ್ಲ. ಆದರೆ ಈಗ ಸ್ವರ ಕೊಟ್ಟಳು ಎಂದು ಅವಳಿಗೆ ಗೊತ್ತಾಯಿತು. ಬಂದ ಮೊದಲ ವಾರ ಇದಕ್ಕೇ ಅವಳನ್ನು ಬೈದಿದ್ದಳು: “ನಿಮ್ಮ ಭುಜ ನೋಡ್ಕೊಂಡೇ ರೋಗಿಗಳು ಒತ್ತಿಬಿಡ್ತಾರೆ, ಕಿವಿ ಯಾಕೆ ಬೇಕು ಅವರಿಗೆ?” ಹೊಸಬಳಿಗೆ ಆ ಚಾಳಿ ಹೋಗಿರಲಿಲ್ಲ. ಮತ್ತೆ ಭುಜ ಎದ್ದಿತು. ಅವಳ ಹೆಬ್ಬೆರಳು ಗುಂಡಿಯ ಮೇಲಿತ್ತು. ಒಂದು ಒತ್ತು, ಅಷ್ಟೆ, ಎಡ ಐದು. ಇರುವೆ ಸಾಲು ಮುಂದುವರಿಯುತ್ತದೆ. ಹೊಸಬಳು ಬೇಕೆಂದೇ ಭುಜ ಎತ್ತುತ್ತಿದ್ದಾಳೆಯೇ? ತನ್ನನ್ನು ಉಳಿಸಲೋ, ಸಿಕ್ಕಿಸಲೋ? ಗಾಜಿನ ಮೇಲೆ ಅವಳದೇ ಮುಖದ ನೆರಳು ಹೊಸಬಳ ಮುಖಕ್ಕೆ ಅಂಟಿಕೊಂಡು, ಯಾರ ಕಣ್ಣು ಯಾರನ್ನು ನೋಡುತ್ತಿದೆ ಎಂದು ಬಿಡಿಸಲಾಗಲಿಲ್ಲ. ಎತ್ತರದಲ್ಲಿ ಒಂದು ಪಂಜರ, ಅದರೊಳಗೆ ಕಣ್ಣು ಮುಚ್ಚಿ ಹಿಡಿದುಕೊಂಡು ಕೂತ ಒಬ್ಬ ಮನುಷ್ಯ, ಕೆಳಗೆ ನಾಲ್ಕು ಜನ.

ಅವಳು ಕೈ ಎತ್ತಿ, ತಡೆಯಿರಿ ಎಂದು ಸನ್ನೆ ಮಾಡಿದಳು. ಎದ್ದು ನಿಂತಾಗ ಕೋಣೆ ಮೆಲ್ಲಗೆ ಎಡಕ್ಕೆ ವಾಲಿತು. ಅದು ಸರಿಯಾಗುವವರೆಗೆ ಅಂಗೈಯನ್ನು ಗೋಡೆಗಿಟ್ಟು ನಿಂತಳು, ಹೊಸಬಳು ನೋಡುತ್ತಿದ್ದಂತೆಯೇ. ಆಮೇಲೆ ಹೆಡ್‌ಫೋನಿನ ತಂತಿ ಸಿಕ್ಕಿಕೊಳ್ಳದ ಹಾಗೆ ಕುರ್ಚಿಯನ್ನು ಎಳೆದು ತಿರುಗಿಸಿ, ಗಾಜಿಗೆ ಬೆನ್ನು ಹಾಕಿ ಕೂತಳು. ಎದುರಿಗೆ ಬೂದುಬಣ್ಣದ ಗೋಡೆ, ಸಣ್ಣ ಸಣ್ಣ ತೂತುಗಳು, ಬೇರೇನೂ ಇಲ್ಲ. ಹಿಂದೆ ಭುಜ ಏಳುತ್ತಿರಬೇಕು, ಇಳಿಯುತ್ತಿರಬೇಕು. ಹತ್ತೋ, ಹದಿನೈದೋ, ಇಪ್ಪತ್ತೋ. ಒಳಗಿನ ಆ ಹನಿ ಗುಂಯ್ ಎನ್ನುತ್ತಿತ್ತು. ಹೆಬ್ಬೆರಳನ್ನು ಗುಂಡಿಯ ಮೇಲೆ ಹಗುರವಾಗಿ ಇಟ್ಟುಕೊಂಡು, ಒತ್ತದೆ, ಅವಳು ಕಾದಳು.